ಸೈಕಲ್ಲಿಗೆ ಹೊಸ ಚೈನು ಕೊಳ್ಳುವ ಮುನ್ನ

(ಬೇಗಂಪೇಟೆಯಲ್ಲಿ ನಡೆದ ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಕೂಟಗಳಲ್ಲಿ ಕೂಲಿಯ ಮಾತು, ಬೋನಸ್ಸಿನ ಮಾತು, ರಜೆಯ ಮಾತು, ಮಕ್ಕಳ ಕನ್ನಡ ಪಾಠದ ಮಾತು ಬರುವುದು ವಾಡಿಕೆ. ಈ ವಾರ ಸೈಕಲ್ ಚೈನಿನ ಮೇಲೆ ಭಾಷಣವೆಂದು ಹಲಗೆಯ ಮೇಲೆ ಬರೆದಾಗ ಕೆಲವರು ನಕ್ಕರೆಂದು ಕೇಳಿದೆವು. ನಕ್ಕವರ ಮೇಲೆ ನಮಗೆ ಕೋಪವಿಲ್ಲ. ಆದರೆ ಒಳಗೆ ಬರುವಾಗ ಗೋಡೆಗೆ ಒರಗಿಸಿಟ್ಟ ಸೈಕಲ್ಲುಗಳನ್ನು ಒಂದೊಂದಾಗಿ ಬಗ್ಗಿ ನೋಡಿಯೇ ಬಂದಿದ್ದೇವೆ. ಅವುಗಳಲ್ಲಿ ಹೆಚ್ಚಿನವುಗಳ ಚೈನು ಒಣಗಿದೆ, ಇಲ್ಲವೆ ಕೆಂಪಗೆ ತುಕ್ಕು ಹಿಡಿದಿದೆ. ಆದುದರಿಂದ ಇದು ನಗುವ ವಿಷಯವಲ್ಲ, ನಮ್ಮ ಹೊಟ್ಟೆಪಾಡಿನ ವಿಷಯವೇ ಎಂದು ಧೈರ್ಯವಾಗಿ ಮಾತು ಆರಂಭಿಸುತ್ತೇವೆ.

ನಮ್ಮ ಪೈಕಿ ಹೋಟೆಲಿನವರು ಬೆಳಗಿನ ಜಾವ ನಾಲ್ಕೂವರೆಗೆ ಒಲೆಯ ಮುಂದೆ ಇರಬೇಕು. ಬೇಗಂಪೇಟೆಯ ನೆತ್ತಿಯ ಮೇಲೆ ಮೆಟ್ರೋ ರೈಲು ಓಡತೊಡಗುವ ಮುಂಚೆಯೇ ಇಡ್ಲಿಯ ಮೊದಲ ಪಾತ್ರೆ ಇಳಿದಿರಬೇಕು. ಕಾರ್ಖಾನೆ, ಮಿಲ್ಲುಗಳಲ್ಲಿ ದುಡಿಯುವವರಿಗೆ ರಾತ್ರಿ ಪಾಳಿ ಬಿಡುವ ಹೊತ್ತಿನಲ್ಲಿ ಬಸ್ಸು ಅಪರೂಪ. ಆಟೋದವನಿಗೆ ದಿನವೂ ತೆತ್ತರೆ ತಿಂಗಳ ಕೊನೆಗೆ ಊರಿಗೆ ಕಳುಹಿಸಲು ಏನು ಉಳಿದೀತು? ಹೀಗಾಗಿ ನಮ್ಮ ಪಾಲಿಗೆ ಸೈಕಲ್ಲೇ ಗತಿ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ತೆರೆದ ರೈಲುದಾರಿ ಈ ಬೇಗಂಪೇಟೆಯ ಮೇಲೆಯೇ ಹಾದುಹೋಗುತ್ತದೆ. ಆ ದಾರಿಯಲ್ಲಿ ಕಲಬುರಗಿ, ಯಾದಗಿರಿ ಸೀಮೆಗಳಿಂದ ಇಲ್ಲಿಗೆ ಬಂದು ನೆಲೆನಿಂತವರು ನಮ್ಮಲ್ಲಿ ಎಷ್ಟು ಜನ! ರೈಲು ನಮ್ಮನ್ನು ಊರಿನಿಂದ ಪಟ್ಟಣಕ್ಕೆ ತಂದಿತು. ಪಟ್ಟಣದೊಳಗೆ ಮನೆಯಿಂದ ಕೆಲಸಕ್ಕೆ ಒಯ್ಯುವ ಭಾರ ಸೈಕಲ್ಲಿನದು. ಆ ಸೈಕಲ್ಲನ್ನು ನಡೆಸುವುದು ಚೈನು.

ಈ ವಿಷಯವನ್ನು ಎತ್ತಿಕೊಳ್ಳಲು ಒಂದು ಕಾರಣ ಉಂಟು. ಕಳೆದ ಮಳೆಗಾಲದಲ್ಲಿ ನಮ್ಮ ಗೆಳೆಯನೊಬ್ಬನಿಗೆ ಆದ ಪೆಟ್ಟು ನಿಮ್ಮಲ್ಲಿ ಹಲವರಿಗೆ ಗೊತ್ತು. ಆತ ಹೋಟೆಲಿನ ಅಡಿಗೆಮನೆಯಲ್ಲಿ ಕೆಲಸಮಾಡುವವನು. ಹಳೆಯ ಚೈನು ಹಲ್ಲಿನ ಮೇಲೆ ಜಾರುತ್ತಿದ್ದುದರಿಂದ ಹೊಸದನ್ನು ಹಾಕಿಸಲು ಹೋದ. ಅಂಗಡಿಯವನು ಹೊಳೆಯುವ ಪೆಟ್ಟಿಗೆಯಿಂದ ಒಂದು ಹಗುರ ಚೈನನ್ನು ತೆಗೆದು ತೋರಿಸಿದ. ಪಟ್ಟಿಗಳಲ್ಲಿ ಕಿಂಡಿ ಕೊರೆದಿತ್ತು, ಪಿನ್ನುಗಳು ಪೊಳ್ಳಾಗಿದ್ದವು. ಇದನ್ನು ಹಾಕಿಸಿದರೆ ಸೈಕಲ್ಲು ಗಾಳಿಯಂತೆ ಹೋಗುತ್ತದೆ ಎಂದ. ನಮ್ಮ ಗೆಳೆಯನಿಗೆ ದಿನಕ್ಕೆ ಎರಡು ಸಲ ಮೇಲ್ಸೇತುವೆ ಹತ್ತುವ ಕಷ್ಟ. ಸಾದಾ ಚೈನಿನ ಐದಾರು ಪಟ್ಟು ಬೆಲೆ ಕೊಟ್ಟು ಕೊಂಡ. ಚೈನನ್ನು ಕತ್ತರಿಸಿ ಕೂಡಿಸುವಾಗ ಪೆಟ್ಟಿಗೆಯಲ್ಲಿಯೇ ಇದ್ದ ಜೋಡಣೆಯ ಕೊಂಡಿಯನ್ನು ಬಳಸಲಿಲ್ಲ. ಹೊರಬಂದ ಪಿನ್ನನ್ನೇ ಸುತ್ತಿಗೆಯಿಂದ ಬಡಿದು ಮತ್ತೆ ಕೂರಿಸಿದ. ಇವನು ಅನುಮಾನಪಟ್ಟಾಗ "ಕುಛ್ ನೈ ಹೋತಾ ಭಾಯ್" ಎಂದುಬಿಟ್ಟ.

ಹನ್ನೊಂದನೆಯ ದಿನ ಆಯಿತು. ಮೊಂಡಾ ಮಾರ್ಕೆಟ್ಟಿನಿಂದ ಕ್ಯಾರಿಯರಿನ ಮೇಲೆ ಟೊಮ್ಯಾಟೊ ಬುಟ್ಟಿ ಕಟ್ಟಿಕೊಂಡು ಪ್ಯಾರಡೈಸ್, ರಸೂಲ್‌ಪುರ ದಾಟಿ ಬರುತ್ತಿದ್ದ. ಬೇಗಂಪೇಟೆಯ ಮೇಲ್ಸೇತುವೆಯ ಏರಿನಲ್ಲಿ ಸೀಟಿನಿಂದ ಎದ್ದು ಪೆಡಲನ್ನು ತುಳಿದ. ಬಡಿದು ಕೂರಿಸಿದ ಪಿನ್ನು ಕಳಚಿತು. ಕಾಲ ಕೆಳಗೆ ಇದ್ದಕ್ಕಿದ್ದಂತೆ ಏನೂ ಇಲ್ಲದಂತಾಗಿ ಮುಂದಕ್ಕೆ ಮುಗ್ಗರಿಸಿದ. ಹಿಂದಿನಿಂದ ಬರುತ್ತಿದ್ದ ಲಾರಿಯವನು ಎಚ್ಚರವಾಗಿದ್ದುದರಿಂದ ಜೀವ ಉಳಿಯಿತು. ಮೊಣಕಾಲಿಗೆ ಹೊಲಿಗೆ ಬಿತ್ತು. ಟೊಮ್ಯಾಟೊದ ಬೆಲೆಯೂ ಅರ್ಧ ದಿನದ ಕೂಲಿಯೂ ಸಂಬಳದಲ್ಲಿ ಕಡಿತವಾದವು. ಮೂರನೆಯ ದಿನ ಕುಂಟುತ್ತ ಸಂಘದ ಕೋಣೆಗೆ ಬಂದು, "ಅಣ್ಣ, ಹಗುರದ ಚೈನು ತಗೊಂಡು ತಪ್ಪು ಮಾಡಿದೆ" ಎಂದ. ತಪ್ಪು ಎಲ್ಲಿ ಆಯಿತು, ಹಗುರದಲ್ಲೋ ಜೋಡಣೆಯಲ್ಲೋ, ಎಂದು ಆ ದಿನ ನಾವು ಕುಳಿತು ವಿಚಾರ ಮಾಡಿದೆವು. ಅದನ್ನೇ ಇಂದು ನಿಮ್ಮೆದುರು ಇಡುತ್ತೇವೆ.

ಮೊದಲು ಚೈನು ಎಂದರೇನು ಎಂಬುದನ್ನು ತಿಳಿಯೋಣ. ನೋಡಲು ಒಂದೇ ಸರಪಳಿಯಂತೆ ಕಾಣುತ್ತದೆ. ಆದರೆ ಬಿಡಿಸಿದರೆ ನಾನೂರು ಐನೂರು ಸಣ್ಣ ತುಂಡುಗಳು. ಹೊರಗಿನ ಪಟ್ಟಿ, ಒಳಗಿನ ಪಟ್ಟಿ, ಅವುಗಳನ್ನು ಹಿಡಿದಿಡುವ ಪಿನ್ನು, ಪಿನ್ನಿನ ಸುತ್ತ ತಿರುಗುವ ರೋಲರು. ಹಲ್ಲುಚಕ್ರದ ಹಲ್ಲು ಬಂದು ತಾಗುವುದು ಈ ರೋಲರಿಗೆ. ಅದು ತಿರುಗುವುದರಿಂದ ಉಜ್ಜಾಟ ಕಡಿಮೆ. ಈ ಬಗೆಯ ಚೈನನ್ನು 1880ರಲ್ಲಿ ಕಂಡುಹಿಡಿದವರು ಹಾನ್ಸ್ ರೆನಾಲ್ಡ್. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಬಂದು ನೆಲೆಸಿದವರು. ಅವರು 1879ರಲ್ಲಿ ಕೊಂಡ ಸಣ್ಣ ಕಾರ್ಖಾನೆ ಏನು ಮಾಡುತ್ತಿತ್ತು ಗೊತ್ತೆ? ಬಟ್ಟೆ ಮಿಲ್ಲಿನ ಯಂತ್ರಗಳಿಗೆ ಚೈನು ಮಾಡುತ್ತಿತ್ತು! ಆದ್ದರಿಂದ ಮಿಲ್ಲಿನ ಸೋದರರು ಸೈಕಲ್ ಚೈನನ್ನು ತಮ್ಮ ಮನೆಯ ವಸ್ತುವೆಂದೇ ತಿಳಿಯಬಹುದು. ಅದೇ ರೆನಾಲ್ಡರು 1896ರಲ್ಲಿ ತಮ್ಮ ಕೆಲಸಗಾರರಿಗೆ ವಾರಕ್ಕೆ 48 ಗಂಟೆಯ ದುಡಿಮೆಯನ್ನು ಗೊತ್ತುಮಾಡಿದರು. ನಮ್ಮ ದೇಶದಲ್ಲಿ ಆ ಮಿತಿಯನ್ನು ಹಾಕಿದ್ದು 1946ರ ಕಾರ್ಖಾನೆ ತಿದ್ದುಪಡಿ ಕಾನೂನು. ಇದನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ತೂಕದ ಮಾತು. ಈ ಬೇಗಂಪೇಟೆ ವಿಮಾನಗಳ ಊರಾಗಿತ್ತು. 2008ರ ಮಾರ್ಚಿನಲ್ಲಿ ಪ್ರಯಾಣಿಕರ ವಿಮಾನಗಳು ಶಂಷಾಬಾದಿಗೆ ಹೋಗುವವರೆಗೆ ನಮ್ಮ ತಲೆಯ ಮೇಲೆಯೇ ಹಾರಾಡುತ್ತಿದ್ದವು. ವಿಮಾನಕ್ಕೆ ತೂಕವೆಂದರೆ ಪ್ರಾಣ. ಅಲ್ಲಿ ಒಂದೊಂದು ಕಿಲೋಗೂ ಲೆಕ್ಕ ಉಂಟು. ಪಂದ್ಯದ ಸೈಕಲ್ಲಿಗೂ ಹಾಗೆಯೆ. ಒಂದು ಕ್ಷಣದಲ್ಲಿ ಸೋಲು ಗೆಲುವು ತೀರ್ಮಾನವಾಗುವ ಕಡೆ ಐವತ್ತು ಗ್ರಾಮೂ ದೊಡ್ಡದೇ. ಆದರೆ ನಮ್ಮ ಲೆಕ್ಕ ಬೇರೆ. ಅದನ್ನು ಕಾಗದದ ಮೇಲೆ ಹಾಕಿ ನೋಡೋಣ.

ಸಾದಾ ಸೈಕಲ್ಲಿನ ಚೈನು ಸುಮಾರು 350ರಿಂದ 400 ಗ್ರಾಂ ತೂಗುತ್ತದೆ. ಹಗುರವೆಂದು ಮಾರುವ ಚೈನು ಅದಕ್ಕಿಂತ ಐವತ್ತು ಅರುವತ್ತು ಗ್ರಾಂ, ಬಹಳವೆಂದರೆ ನೂರು ಗ್ರಾಂ ಕಡಿಮೆ ಇದ್ದೀತು. 80 ಗ್ರಾಂ ಉಳಿಯಿತೆಂದು ಇಟ್ಟುಕೊಳ್ಳಿ. ಸ್ಟ್ಯಾಂಡು, ಕ್ಯಾರಿಯರು, ಮಡ್‌ಗಾರ್ಡು ಎಲ್ಲ ಸೇರಿ ನಮ್ಮ ಸೈಕಲ್ಲು 20 ಕಿಲೋದ ಆಸುಪಾಸು. ಸವಾರ 60 ಕಿಲೋ. ಒಟ್ಟು 80 ಕಿಲೋ. ಎಂಬತ್ತು ಕಿಲೋದಲ್ಲಿ ಎಂಬತ್ತು ಗ್ರಾಂ ಎಂದರೆ ಸಾವಿರಕ್ಕೆ ಒಂದು ಪಾಲು. ಮೇಲ್ಸೇತುವೆ ಹತ್ತುವಾಗ ಕಾಲಿಗೆ ಬೀಳುವ ಶ್ರಮದಲ್ಲಿ ಸಾವಿರಕ್ಕೆ ಒಂದು ಪಾಲು ಕಡಿಮೆಯಾದುದು ಯಾರ ಅರಿವಿಗೆ ಬಂದೀತು? ಊಟದ ಡಬ್ಬಿಯಲ್ಲಿ ಒಂದು ತುತ್ತು ಕಡಿಮೆ ಹಾಕಿಕೊಂಡಷ್ಟೇ ಉಳಿತಾಯ. ಕ್ಯಾರಿಯರಿನ ಮೇಲೆ ಬುಟ್ಟಿ ಕಟ್ಟಿದರಂತೂ ಆ ಲೆಕ್ಕವೇ ಮುಳುಗಿಹೋಗುತ್ತದೆ.

ಹಾಗಾದರೆ ಕೆಲವು ಸೈಕಲ್ಲುಗಳು ತುಳಿಯಲು ಹಗುರ, ಕೆಲವು ಭಾರ, ಏಕೆ? ಇಲ್ಲಿಯೇ ಇದೆ ಗುಟ್ಟು. ತೂಕಕ್ಕೆ ಹಗುರ ಬೇರೆ, ಕಾಲಿಗೆ ಹಗುರ ಬೇರೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಸ್ಪೈಸರ್ ಎಂಬ ಇಂಜಿನಿಯರರು 1999ರಲ್ಲಿ ಸೈಕಲ್ ಚೈನನ್ನು ಯಂತ್ರದ ಮೇಲೆ ಓಡಿಸಿ ಪರೀಕ್ಷಿಸಿದರು. ಸರಿಯಾದ ಸ್ಥಿತಿಯಲ್ಲಿರುವ ಚೈನು ಪೆಡಲಿನ ಶಕ್ತಿಯಲ್ಲಿ ನೂರಕ್ಕೆ 98.6ರ ವರೆಗೂ ಹಿಂದಿನ ಚಕ್ರಕ್ಕೆ ತಲುಪಿಸಬಲ್ಲದೆಂದು ಕಂಡಿತು. ಇಷ್ಟು ಪ್ರಾಮಾಣಿಕವಾದ ಯಂತ್ರಭಾಗ ಬಹಳ ಕಡಿಮೆ. ಆದರೆ ಅದು ಒಳ್ಳೆಯ ಸ್ಥಿತಿಯ ಚೈನಿನ ಮಾತು. ತುಕ್ಕು, ಧೂಳು, ಒಣಗಿದ ಜಿಡ್ಡು ತುಂಬಿ ಕೊಂಡಿಗಳು ಮಣಿಯದಂತಾದ ಚೈನು ನೂರಕ್ಕೆ ಮೂರೇ ಪಾಲನ್ನು ಹೆಚ್ಚಾಗಿ ನುಂಗಿದರೂ ಅದು ಸಾವಿರಕ್ಕೆ ಮೂವತ್ತಾಯಿತು. ದುಬಾರಿ ಚೈನಿನ ಹಗುರದಿಂದ ಉಳಿಯುವುದು ಸಾವಿರಕ್ಕೆ ಒಂದು. ಕೊಳೆಯಿಂದ ಹೋಗುವುದು ಸಾವಿರಕ್ಕೆ ಮೂವತ್ತು. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ನಷ್ಟ ಇನ್ನೂ ಹೆಚ್ಚು. ಗಾಳಿಗೆ ಕಾಸಿಲ್ಲ, ಪಂಪಿಗೆ ಎರಡು ನಿಮಿಷ ಸಾಕು. ಅದನ್ನು ಬಿಟ್ಟು ಸಾವಿರಾರು ರೂಪಾಯಿ ಕೊಟ್ಟು ಹಗುರವನ್ನು ಕೊಳ್ಳುವುದು ಸೋರುವ ಕೊಡ ಹೊತ್ತು ಬಾವಿಗೆ ಹೆಚ್ಚು ಸಲ ಹೋದಂತೆ.

ಈಗ ಕೆಲಸದ ಮಾತಿಗೆ ಬರೋಣ. ಚೈನು ಬದಲಾಯಿಸಬೇಕೆಂದು ಹೇಗೆ ತಿಳಿಯುವುದು? ಅಂಗಡಿಯವನನ್ನು ಕೇಳಬೇಡಿ, ಅಳತೆಪಟ್ಟಿಯನ್ನು ಕೇಳಿ. ಜಗತ್ತಿನ ಹೆಚ್ಚುಕಡಿಮೆ ಎಲ್ಲ ಸೈಕಲ್ ಚೈನುಗಳಲ್ಲಿ ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಅರ್ಧ ಇಂಚು. ಅಂದರೆ 24 ಕೊಂಡಿಗೆ ಸರಿಯಾಗಿ 12 ಇಂಚು. ದರ್ಜಿಯ ಟೇಪು ಬೇಡ, ಅದು ಹಿಗ್ಗುತ್ತದೆ. ಉಕ್ಕಿನ ಅಳತೆಪಟ್ಟಿ ಬೇಕು. ಚೈನನ್ನು ಬಿಗಿಯಾಗಿ ಹಿಡಿದು ಒಂದು ಪಿನ್ನಿನ ನಡುವಿಗೆ ಸೊನ್ನೆಯನ್ನಿಡಿ. 24ನೆಯ ಕೊಂಡಿಯ ಕೊನೆಯ ಪಿನ್ನು 12 ಇಂಚಿನ ಗೆರೆಯ ಮೇಲೆ, ಎಂದರೆ 304.8 ಮಿಲಿಮೀಟರಿನಲ್ಲಿ ನಿಂತರೆ ಚೈನು ಹೊಸದರಂತಿದೆ. ಗೆರೆಯನ್ನು ದಾಟಿ ಇಂಚಿನ ಹದಿನಾರನೆಯ ಒಂದು ಭಾಗ ಮುಂದೆ ಹೋಗಿದ್ದರೆ ಹೊಸ ಚೈನಿಗೆ ದುಡ್ಡು ಕೂಡಿಡಲು ಆರಂಭಿಸಿ. ಎಂಟನೆಯ ಒಂದು ಭಾಗ, ಅಂದರೆ 308 ಮಿಲಿಮೀಟರು ಮುಟ್ಟಿದ್ದರೆ ತಡಮಾಡದೆ ಬದಲಾಯಿಸಿ. ಚೈನು ಹಿಗ್ಗಿತು ಎನ್ನುತ್ತೇವೆ. ನಿಜವಾಗಿ ಪಟ್ಟಿಗಳು ಹಿಗ್ಗುವುದಿಲ್ಲ. ಪಿನ್ನೂ ಅದರ ತೂತೂ ಕೂದಲೆಳೆಯಷ್ಟು ಸವೆದು, ಅಂಥ ನೂರಾರು ಸವೆತಗಳು ಕೂಡಿ ಉದ್ದವಾಗುತ್ತದೆ. ರಿಂಗ್ ಫ್ರೇಮಿನ ಮೇಲೆ ಕೆಲಸಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸವೆದ ಚೈನನ್ನು ಹಾಗೆಯೆ ಓಡಿಸಿದರೆ ಅದು ತಾನೊಂದೇ ಕೆಡುವುದಿಲ್ಲ, ಹಲ್ಲುಚಕ್ರಗಳನ್ನೂ ಕೆಡಿಸುತ್ತದೆ. ಹಲ್ಲುಗಳು ಸವೆದು ಕೊಕ್ಕೆಯಂತೆ ಒಂದು ಕಡೆಗೆ ಬಾಗುತ್ತವೆ. ಆಮೇಲೆ ಹೊಸ ಚೈನನ್ನು ಹಾಕಿದರೂ ಅದು ಆ ಹಲ್ಲಿನ ಮೇಲೆ ಕೂರದೆ ಜಾರುತ್ತದೆ. ಆದ್ದರಿಂದ ಚೈನು ಕೊಳ್ಳುವ ಮುಂಚೆ ಹಿಂದಿನ ಫ್ರೀವೀಲಿನ ಹಲ್ಲನ್ನು ಬಗ್ಗಿ ನೋಡಿ. ಕೊಕ್ಕೆಯಾಗಿದ್ದರೆ ಎರಡನ್ನೂ ಕೂಡಿಯೇ ಬದಲಾಯಿಸಬೇಕು. ದುಬಾರಿ ಚೈನು ಒಂದರ ಬೆಲೆಯಲ್ಲಿ ಸಾದಾ ಚೈನು, ಫ್ರೀವೀಲು ಎರಡೂ ಬಂದು ಬ್ರೇಕಿನ ರಬ್ಬರಿಗೂ ಮಿಕ್ಕೀತು.

ಅಂಗಡಿಯಲ್ಲಿ ಏನು ಕೇಳಬೇಕು? ಮೊದಲನೆಯದು ಅಗಲ. ಗೇರಿಲ್ಲದ ನಮ್ಮ ಸಾದಾ ಸೈಕಲ್ಲಿಗೆ ಬೇಕಾದುದು ಇಂಚಿನ ಎಂಟನೆಯ ಒಂದು ಭಾಗ ಒಳಅಗಲದ ಚೈನು. ಅಂಗಡಿಯ ಭಾಷೆಯಲ್ಲಿ ಹಾಫ್ ಬೈ ವನ್ ಎಯ್ತ್. ಗೇರಿನ ಸೈಕಲ್ಲುಗಳಿಗೆ ಇದಕ್ಕಿಂತ ಕಿರಿದಾದ ಚೈನು. ಹಿಂದೆ ಇರುವ ಹಲ್ಲುಚಕ್ರಗಳ ಸಂಖ್ಯೆ ಹೆಚ್ಚಿದಷ್ಟೂ ಚೈನು ತೆಳುವಾಗುತ್ತ ಹೋಗುತ್ತದೆ. ಹಗುರವೆಂದು ಹೆಸರು ಪಡೆದ ಚೈನುಗಳಲ್ಲಿ ಹೆಚ್ಚಿನವು ಇಂಥ ತೆಳು ಚೈನುಗಳೇ. ನಮ್ಮ ದಪ್ಪ ಹಲ್ಲು ಅವುಗಳೊಳಗೆ ಇಳಿಯುವುದೇ ಇಲ್ಲ. ಚೈನು ಹಲ್ಲಿನ ನೆತ್ತಿಯ ಮೇಲೆ ಕುಳಿತು ಕುಪ್ಪಳಿಸುತ್ತದೆ. ಮಕ್ಕಳಿಗೆ ಗೇರಿನ ಸೈಕಲ್ಲು ಕೊಡಿಸಿದವರು ಹಿಂದಿನ ಚಕ್ರಗಳನ್ನು ಎಣಿಸಿಕೊಂಡು ಹೋಗಿ ಅಷ್ಟೇ ಸಂಖ್ಯೆಯ ಚೈನನ್ನು ಕೇಳಬೇಕು.

ಎರಡನೆಯದು ಉದ್ದ. ಹಳೆಯ ಚೈನಿನ ಪಕ್ಕದಲ್ಲಿ ಹೊಸದನ್ನು ಮಲಗಿಸಿ ಸಮ ಕತ್ತರಿಸುವುದು ಕೆಟ್ಟ ಪದ್ಧತಿ. ಪೂರ್ತಿ ಸವೆದ ಚೈನು ತಾನೇ ಅರ್ಧ ಇಂಚಿಗೂ ಹೆಚ್ಚು ಉದ್ದವಾಗಿರುತ್ತದೆ. ಕೊಂಡಿಗಳನ್ನು ಎಣಿಸಿ ಕತ್ತರಿಸಬೇಕು.

ಮೂರನೆಯದು ಲೇಪ. ನಾವು ಬದಲಾಯಿಸಿದ ಎಷ್ಟೋ ಚೈನುಗಳು ಸವೆದವಲ್ಲ, ತುಕ್ಕು ಹಿಡಿದವು. ಆಷಾಢ ಶ್ರಾವಣದ ಮಳೆ, ಹೋಟೆಲಿನ ಹಿಂದಿನ ತೊಳೆಯುವ ಕಟ್ಟೆಯ ನೀರು, ರಾತ್ರಿಯೆಲ್ಲ ಬಯಲಿನಲ್ಲಿ ನಿಲ್ಲುವ ಸೈಕಲ್ಲು. ಇಂಥವರು ಕರಿಯ ಚೈನಿನ ಬದಲು ನಿಕ್ಕಲ್ ಇಲ್ಲವೆ ಸತುವಿನ ಲೇಪವಿರುವುದನ್ನು ಕೊಳ್ಳಲಿ. ಸ್ವಲ್ಪವೇ ಹೆಚ್ಚು ಬೆಲೆ. ಆ ಹೆಚ್ಚಿನ ಕಾಸು ದಂಡವಲ್ಲ. ಹಗುರಕ್ಕೆ ಕೊಡುವ ಹಣದ ಕಾಲುಭಾಗವನ್ನು ಲೇಪಕ್ಕೆ ಕೊಟ್ಟರೆ ಸಾಕು. ಸೈಕಲ್ಲಿಗೆ ಚೈನಿನ ಕವರು ಇದ್ದರೆ ಚಂದಕ್ಕಾಗಿ ಕಿತ್ತು ಎಸೆಯಬೇಡಿ. ಅದು ಪ್ಯಾಂಟನ್ನು ಕಾಯುವುದಕ್ಕಿಂತ ಹೆಚ್ಚಾಗಿ ಚೈನನ್ನು ಕಾಯುತ್ತದೆ.

ನಾಲ್ಕನೆಯದು ಗುರುತು. ತಯಾರಿಸಿದವರ ಹೆಸರು ಪೆಟ್ಟಿಗೆಯ ಮೇಲೆ ಮಾತ್ರವಲ್ಲ, ಚೈನಿನ ಪಟ್ಟಿಯ ಮೇಲೂ ಒತ್ತಿರಬೇಕು. ಚೆನ್ನೈಯ ಕಾರ್ಖಾನೆಯದೋ ತೈವಾನಿನದೋ, ಹೆಸರುಳ್ಳದ್ದನ್ನು ಕೊಳ್ಳಿ. ಚೈನನ್ನು ಕೈಯಲ್ಲಿ ಹಿಡಿದು ಕೊಂಡಿ ಕೊಂಡಿಯನ್ನೂ ಮಣಿಸಿ ನೋಡಿ. ಎಲ್ಲವೂ ಒಂದೇ ಸಮನಾಗಿ ಮಣಿಯಬೇಕು. ಒಂದೆರಡು ಕೊಂಡಿಗಳು ಬಿಗಿಯಾಗಿ ನಿಂತರೆ ಮರಳಿ ಕೊಟ್ಟುಬಿಡಿ.

ಐದನೆಯದು, ಎಲ್ಲಕ್ಕಿಂತ ದೊಡ್ಡದು, ಜೋಡಣೆ. ನಮ್ಮ ಗೆಳೆಯ ಬಿದ್ದುದು ಇದರಿಂದ. ಅಂತರರಾಷ್ಟ್ರೀಯ ಮಾನಕದಂತೆ ಸೈಕಲ್ ಚೈನು ಸುಮಾರು 800 ಕಿಲೋ ಎಳೆತವನ್ನು ತಾಳಬೇಕು. ನಮ್ಮ ಕಾಲಿನಿಂದ ಅದರ ಮೇಲೆ ಬೀಳುವುದೆಷ್ಟು? 60 ಕಿಲೋದ ಮನುಷ್ಯ ಏರಿನಲ್ಲಿ ಎದ್ದು ಒಂದು ಪೆಡಲಿನ ಮೇಲೆ ತನ್ನ ಭಾರವನ್ನೆಲ್ಲ ಬಿಟ್ಟರೆ ಚೈನಿನ ಮೇಲೆ 110 ಕಿಲೋದಷ್ಟು ಎಳೆತ ಬೀಳುತ್ತದೆ. ಪೆಡಲಿನ ತೋಳು ದೊಡ್ಡ ಹಲ್ಲುಚಕ್ರದ ಅರೆವ್ಯಾಸಕ್ಕಿಂತ ಉದ್ದವಾಗಿರುವುದರಿಂದ ಭಾರ ಹೀಗೆ ಹೆಚ್ಚುತ್ತದೆ. ಅಂದಮೇಲೆ ಹೆಸರುಳ್ಳ ಚೈನು, ಹಗುರದ್ದೇ ಇರಲಿ, ಸಾದಾ ಇರಲಿ, ನಮ್ಮ ತುಳಿತಕ್ಕೆ ಹರಿಯುವುದು ಅಪರೂಪ. ಹರಿಯುವುದು ಕೆಟ್ಟದಾಗಿ ಕೂಡಿಸಿದ ಒಂದೇ ಒಂದು ಕೊಂಡಿ. ಕಾರ್ಖಾನೆಯಲ್ಲಿ ಪಿನ್ನಿನ ತುದಿಯನ್ನು ಒತ್ತಿ ಅಗಲಿಸಿರುತ್ತಾರೆ. ಅದನ್ನು ಹೊರಗೆ ಹೊಡೆದಾಗ ತೂತು ಸಡಿಲವಾಗುತ್ತದೆ, ತುದಿ ಸವೆಯುತ್ತದೆ. ಮತ್ತೆ ಬಡಿದು ಕೂರಿಸಿದರೆ ಕಣ್ಣಿಗೆ ಸರಿಯಾಗಿ ಕಂಡರೂ ಬಲವಿರುವುದಿಲ್ಲ. ಆದ್ದರಿಂದ ಹೊಸ ಚೈನಿನ ಜೊತೆ ಬರುವ ಚೈನ್‌ಲಾಕನ್ನೇ ಹಾಕಿಸಬೇಕು. ಲಾಕಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೂ, ಬಾಯಿತೆರೆದ ತುದಿ ಹಿಂದಕ್ಕೂ ಇರಬೇಕು. ತಿರುಗುಮುರುಗಾಗಿ ಹಾಕಿದರೆ ಯಾವುದಾದರೂ ತಗುಲಿ ಕಳಚೀತು. ಹಣ ಕೊಡುವ ಮುಂಚೆ ಇದನ್ನು ನಿಮ್ಮ ಕಣ್ಣಿನಿಂದಲೇ ನೋಡಿಕೊಳ್ಳಿ. ಯಾರಾದರೂ "ಕುಛ್ ನೈ ಹೋತಾ" ಎಂದರೆ, ಬೀಳುವವರು ನಾವು, ಅವರಲ್ಲ ಎಂಬುದು ನೆನಪಿರಲಿ.

ಹಾಕಿಸಿದ ಮೇಲೆ ಚೈನು ತೀರ ಬಿಗಿಯಾಗಿರಬಾರದು. ಕೆಳಗಿನ ಸಾಲಿನ ನಡುವೆ ಬೆರಳಿನಿಂದ ಎತ್ತಿ ಇಳಿಸಿದರೆ ಅರ್ಧ ಇಂಚಿನಷ್ಟು ಆಡಬೇಕು. ಪೆಡಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಅತಿ ಬಿಗಿಯಾದ ಜಾಗದಲ್ಲಿಯೂ ಅಷ್ಟು ಸಡಿಲ ಉಂಟೋ ಎಂದು ನೋಡಿ. ಬಿಗಿ ಮಾಡಿದರೆ ತುಳಿತ ಭಾರವಾಗುತ್ತದೆ, ಬೇರಿಂಗೂ ಕೆಡುತ್ತದೆ. ಹೆಚ್ಚು ಸಡಿಲ ಬಿಟ್ಟರೆ ಗುಂಡಿಗೆ ಬಿದ್ದಾಗ ಕಳಚುತ್ತದೆ.

ಕೊನೆಗೆ ಎಣ್ಣೆ. ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ಹೊಸದಾಗಿ ಈ ಊರಿಗೆ ಬಂದಾಗ ಹೋಟೆಲಿನಲ್ಲಿ ವಡೆ ಕರಿದು ಉಳಿದ ಎಣ್ಣೆಯನ್ನು ನಾವೂ ಚೈನಿಗೆ ಬಿಟ್ಟವರೇ. ಎರಡು ದಿನ ಸೊಗಸಾಗಿ ಓಡಿತು. ಹದಿನೈದು ದಿನಕ್ಕೆ ಚೈನು ಅಂಟಿನಲ್ಲಿ ಅದ್ದಿ ತೆಗೆದಂತಾಯಿತು. ಕರಿಯುವ ಬಾಣಲೆಯ ಅಂಚಿನಲ್ಲಿ ಹಳದಿಯಾಗಿ ಗಟ್ಟಿಕಟ್ಟುವ ಜಿಗುಟು, ಎಷ್ಟು ಉಜ್ಜಿದರೂ ಬಿಡದ್ದು, ನಿಮಗೆ ಗೊತ್ತಲ್ಲವೆ? ಅಡಿಗೆಯ ಎಣ್ಣೆ ಚೈನಿನೊಳಗೂ ಹಾಗೆಯೆ ಆಗುತ್ತದೆ. ಆಮೇಲೆ ರಸ್ತೆಯ ಧೂಳನ್ನೆಲ್ಲ ಹಿಡಿದಿಟ್ಟುಕೊಂಡು ಅರೆಯುವ ಕಲ್ಲಿನಂತೆ ಪಿನ್ನನ್ನು ತಿನ್ನುತ್ತದೆ. ಗಾಡಿಯಿಂದ ಇಳಿಸಿದ ಕರಿಯ ಎಂಜಿನ್ ಎಣ್ಣೆಯೂ ಬೇಡ. ಅದರಲ್ಲಿ ಮಸಿಯೂ ಲೋಹದ ಪುಡಿಯೂ ಇರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಣ ದಿನಗಳಿಗೆ ನಡೆಯುತ್ತದೆ, ಬೇಗ ಆರುವುದರಿಂದ ಪದೇ ಪದೇ ಹಾಕಬೇಕು. ಮಳೆಗಾಲಕ್ಕೆ ಸ್ವಲ್ಪ ಮಂದವಾದ ಹೊಸ ಯಂತ್ರದೆಣ್ಣೆ ಉತ್ತಮ.

ಹಾಕುವ ಕ್ರಮ ಹೀಗೆ. ದೋಸೆ ಕಾವಲಿಯನ್ನು ಒರೆಸದೆ ಎಣ್ಣೆ ಸವರುವವರುಂಟೆ? ಚೈನಿಗೂ ಮೊದಲು ಒರೆಸುವುದು, ಆಮೇಲೆ ಎಣ್ಣೆ. ಸ್ವಲ್ಪ ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಲೆಯಿಂದ ದೂರ ನಿಂತು, ಚೆನ್ನಾಗಿ ಆರಲು ಬಿಡಿ. ಆಮೇಲೆ ಒಂದೊಂದು ರೋಲರಿಗೆ ಒಂದೊಂದೇ ತೊಟ್ಟು ಎಣ್ಣೆ ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ ಒಳಗೆ ಇಳಿಯುವಂತೆ ಮಾಡಿ. ಐದು ನಿಮಿಷದ ಮೇಲೆ ಹೊರಗಿನ ಎಣ್ಣೆಯನ್ನೆಲ್ಲ ಒಣ ಬಟ್ಟೆಯಿಂದ ಒರೆಸಿಬಿಡಿ. ಎಣ್ಣೆ ಬೇಕಾದುದು ಒಳಗಿನ ಪಿನ್ನಿಗೆ. ಹೊರಗಿನದು ಧೂಳಿಗೆ ಆಮಂತ್ರಣ. ಹೊಸ ಚೈನನ್ನು ಮಾತ್ರ ತೊಳೆಯಬೇಡಿ, ಕಾರ್ಖಾನೆಯಲ್ಲಿ ಒಳಗೆ ತುಂಬಿದ ಗ್ರೀಸು ಬಹಳ ದಿನ ಬಾಳುತ್ತದೆ. ಹದಿನೈದು ದಿನಕ್ಕೊಮ್ಮೆ, ಮಳೆಯಲ್ಲಿ ನೆನೆದಾಗಲೆಲ್ಲ ಒಮ್ಮೆ, ಇಷ್ಟು ಮಾಡಿದರೆ ನಿಮ್ಮ ಸಾದಾ ಚೈನು ಕಾಲಿಗೆ ಎಷ್ಟು ಹಗುರವಾಗುತ್ತದೆಂದು ಮೇಲ್ಸೇತುವೆಯೇ ಹೇಳುತ್ತದೆ.

ಹಗುರ ಚೈನನ್ನು ಯಾರೂ ಕೊಳ್ಳಲೇಬಾರದೆಂದು ನಾವು ಹೇಳುವುದಿಲ್ಲ. ಪಂದ್ಯಕ್ಕೆ ಹೋಗುವ ಹುಡುಗನಿದ್ದರೆ, ಸೈಕಲ್ಲೇ ಎಂಟು ಹತ್ತು ಕಿಲೋದ್ದಾಗಿದ್ದರೆ, ಉಳಿದುದೆಲ್ಲ ಸರಿಯಿದ್ದು ಕೈಯಲ್ಲಿ ಹಣವೂ ಇದ್ದರೆ ಕೊಳ್ಳಲಿ, ಸಂತೋಷ. ಬುಟ್ಟಿ ಹೊತ್ತು ದುಡಿಮೆಗೆ ಹೋಗುವವರ ಖರ್ಚಿನ ಕ್ರಮ ಬೇರೆ: ಮೊದಲು ಬ್ರೇಕು, ಆಮೇಲೆ ಟೈರು ಮತ್ತು ಗಾಳಿ, ಆಮೇಲೆ ಸರಿಯಾದ ಅಗಲದ ಲೇಪವಿರುವ ಚೈನು, ಅದರ ಜೊತೆಗೆ ಎಣ್ಣೆ. ತೂಕದ ಚಿಂತೆ ಇವೆಲ್ಲ ಆದ ಮೇಲೆ.

ಇನ್ನೊಂದು ಸಣ್ಣ ಸೂಚನೆಯನ್ನು ಅಧ್ಯಕ್ಷರ ಅಪ್ಪಣೆಯಿಂದ ಮುಂದಿಡುತ್ತೇವೆ. ಪಿನ್ನು ತೆಗೆಯುವ ಉಪಕರಣ, ಉಕ್ಕಿನ ಅಳತೆಪಟ್ಟಿ, ಒಂದು ಪಂಪು, ಎಣ್ಣೆಯ ಡಬ್ಬಿ, ಒಂದು ಹಿಡಿ ಚೈನ್‌ಲಾಕುಗಳು. ಇವನ್ನು ಒಬ್ಬೊಬ್ಬರೂ ಕೊಳ್ಳುವುದು ದಂಡ. ಸಂಘದ ಹಣದಿಂದ ಒಮ್ಮೆ ಕೊಂಡು ಈ ಕೋಣೆಯ ಕಪಾಟಿನಲ್ಲಿ ಇಟ್ಟರೆ ಎಲ್ಲರಿಗೂ ಆಯಿತು. ಮಿಲ್ಲಿನ ಫಿಟ್ಟರ್ ಸೋದರರು ತಿಂಗಳಿಗೊಂದು ಭಾನುವಾರ ಎರಡು ಗಂಟೆ ಕೊಟ್ಟರೆ ಹೋಟೆಲಿನ ಹುಡುಗರು ತಾವೇ ಕೈಯಾರೆ ಕಲಿತುಕೊಳ್ಳುತ್ತಾರೆ. ಚಹಾದ ಭಾರ ಹೋಟೆಲಿನವರದು. ಬಿದ್ದು ಗಾಯಗೊಂಡ ನಮ್ಮ ಗೆಳೆಯ ಇಲ್ಲಿಯೇ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಅವನ ಸೈಕಲ್ಲಿಗೆ ಅದೇ ಹಗುರ ಚೈನನ್ನು ಹೊಸ ಲಾಕು ಹಾಕಿ ನಾವೇ ಕೂಡಿಸಿಕೊಟ್ಟೆವು. ಇಂದಿಗೂ ಅದರ ಮೇಲೆಯೇ ಮಾರ್ಕೆಟ್ಟಿಗೆ ಹೋಗಿಬರುತ್ತಿದ್ದಾನೆ. ಚೈನು ಕೆಟ್ಟದಲ್ಲ. ಕೊಟ್ಟ ಹೆಚ್ಚಿನ ಹಣ ಮಾತ್ರ ಮರಳಿ ಬರಲಿಲ್ಲ, ಮೊಣಕಾಲಿನ ಕಲೆಯೂ ಹೋಗಲಿಲ್ಲ.

ಸಭೆ ಮುಗಿದ ಮೇಲೆ ಹೊರಗೆ ಸೈಕಲ್ಲುಗಳ ಹತ್ತಿರ ಬನ್ನಿ. ಅಳತೆಪಟ್ಟಿ ನಮ್ಮ ಜೇಬಿನಲ್ಲಿದೆ. ಯಾರ ಚೈನು 12 ಇಂಚಿನ ಗೆರೆಯನ್ನು ಎಷ್ಟು ದಾಟಿದೆಯೋ ಇಂದೇ ನೋಡಿಬಿಡೋಣ.